ಚಕ್ರ ಕಳಚಿಟ್ಟ ತಿಂಗಳುಗಳು: ಸ್ಪೀಡ್ ಸ್ಕೇಟಿಂಗ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿರುವವರು ಚಿಕ್ಕಮಗಳೂರಿನಲ್ಲಿ ನೌಕರಿ ಮಾಡುತ್ತಲೇ ಹವ್ಯಾಸಿಯಾಗಿ ಇನ್‌ಲೈನ್ (ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವ ಸ್ಕೇಟಿನ) ಸ್ಪೀಡ್ ಸ್ಕೇಟಿಂಗ್ ಅಭ್ಯಾಸವನ್ನು ಉಳಿಸಿಕೊಂಡು ಬಂದಿರುವ, ಬೆಳಗಿನ ಹೊತ್ತು ಊರಿನ ಮಕ್ಕಳಿಗೆ ಕಲಿಸುವ ಒಬ್ಬ ಸ್ಕೇಟರ್. ಪತ್ರಗಳೆಲ್ಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿದ್ದು, ಬಹುಪಾಲು ಮಳೆಗಾಲದ ಬಿಡುವನ್ನು ಕುರಿತೇ ಇವೆ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಜೂನ್ ಬಂತೆಂದರೆ ನಮ್ಮ ಅಭ್ಯಾಸ ನಿಂತುಹೋಗುತ್ತದೆ. ದೊಡ್ಡ ಊರುಗಳ ಹುಡುಗರು ಅದೇ ತಿಂಗಳುಗಳಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಹುಟ್ಟಿದ ತಪ್ಪಿಗೆ ನಾವು ಹಿಂದೆಯೇ ಉಳಿಯಬೇಕೆ?
(ವಿದ್ಯಾರ್ಥಿ, ಚಿಕ್ಕಮಗಳೂರು)

ಉತ್ತರ: ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ರಾಷ್ಟ್ರೀಯ ಚಾಂಪಿಯನ್‌ಶಿಪ್ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆಯುವುದರಿಂದ, ಅದಕ್ಕೆ ಮೊದಲು ಜಿಲ್ಲೆ ಮತ್ತು ರಾಜ್ಯ ಮಟ್ಟದ ಆಯ್ಕೆಗಳು ಮುಗಿಯಬೇಕಾದುದರಿಂದ, ತಯಾರಿಗೆ ಅತ್ಯಂತ ಬೆಲೆಯುಳ್ಳ ತಿಂಗಳುಗಳು ನಮಗೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲೇ ಕಳೆದುಹೋಗುತ್ತವೆ. ಆದರೂ ಇದರಿಂದ ಹಿಂದುಳಿಯಲೇಬೇಕು ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪುವುದಿಲ್ಲ; ಏಕೆಂದರೆ ಈ ಆಟದ ವೇಗ ಹುಟ್ಟುವುದು ಮೊದಲು ದೇಹದ ಭಂಗಿಯಲ್ಲಿ, ಚಕ್ರದ ಪಾತ್ರ ಆಮೇಲಿನದು.

ಓಡುವವನು ನೆಲವನ್ನು ಹಿಂದಕ್ಕೆ ಒದೆಯುತ್ತಾನೆ. ಉರುಳುತ್ತಿರುವ ಚಕ್ರವನ್ನು ಹಿಂದಕ್ಕೆ ಒದ್ದರೆ ಅದು ಹಿಂದಕ್ಕೆ ಉರುಳಿಹೋಗುತ್ತದೆಯೇ ಹೊರತು ಆಧಾರ ಕೊಡುವುದಿಲ್ಲ. ಆದ್ದರಿಂದ ಸ್ಕೇಟರ್ ಪಕ್ಕಕ್ಕೆ, ಚಕ್ರ ಉರುಳುವ ದಿಕ್ಕಿಗೆ ಅಡ್ಡವಾಗಿ ತಳ್ಳಬೇಕಾಗುತ್ತದೆ. ಪಕ್ಕಕ್ಕೆ ಕಾಲು ಎಷ್ಟು ದೂರ ಚಾಚಬಹುದು ಎಂಬುದು ಮಂಡಿ ಎಷ್ಟು ಮಡಿಚಿದೆ, ಸೊಂಟ ಎಷ್ಟು ಕೆಳಗಿದೆ ಎಂಬುದನ್ನು ಅವಲಂಬಿಸಿದೆ. ನೆಟ್ಟಗೆ ನಿಂತವನ ಕಾಲು ಆಗಲೇ ಚಾಚಿ ಮುಗಿದಿರುವುದರಿಂದ ಅವನಿಗೆ ತಳ್ಳಲು ಉದ್ದವೇ ಉಳಿದಿರುವುದಿಲ್ಲ. ಇದರ ಜೊತೆಗೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿಸಿದವನು ಆ ತಡೆಯಲ್ಲಿ ದೊಡ್ಡ ಪಾಲನ್ನು ತಪ್ಪಿಸಿಕೊಳ್ಳುತ್ತಾನೆ. ಆದರೆ ಈ ಕುಳಿತ ಭಂಗಿಯಲ್ಲಿ ತೊಡೆಯ ಸ್ನಾಯು ಬಹಳ ಹೊತ್ತು ಬಿಗಿಯಾಗಿಯೇ ಇರುವುದರಿಂದ ಅದರೊಳಗೆ ರಕ್ತದ ಹರಿವು ಕಡಿಮೆಯಾಗಿ, ಉಸಿರು ಇನ್ನೂ ಸಲೀಸಾಗಿರುವಾಗಲೇ ತೊಡೆ ಉರಿಯಲು ತೊಡಗುತ್ತದೆ. ಸ್ಪರ್ಧೆಯ ಕೊನೆಯ ಸುತ್ತುಗಳಲ್ಲಿ ನಮ್ಮ ಹುಡುಗರು ಒಬ್ಬೊಬ್ಬರಾಗಿ ಮೇಲೇಳುವುದು ಈ ಉರಿ ತಾಳಲಾರದೆ.

ಈ ಉರಿಯನ್ನು ತಾಳುವ ಶಕ್ತಿಯನ್ನು ಬೆಳೆಸಲು ಟ್ರ್ಯಾಕ್ ಬೇಕಾಗಿಲ್ಲ. ಮನೆಯ ಪಡಸಾಲೆ ಸಾಕು. ಬರಿಗಾಲಿನಲ್ಲಿ ಅಥವಾ ಸಾಧಾರಣ ಶೂ ಹಾಕಿಕೊಂಡು, ಮಂಡಿಯನ್ನು ಬೆರಳ ತುದಿಗಿಂತ ಮುಂದೆ ತಂದು, ಬೆನ್ನನ್ನು ಸಡಿಲವಾಗಿ ದುಂಡಗೆ ಬಗ್ಗಿಸಿ, ನೋಟವನ್ನು ಮುಂದಿಟ್ಟುಕೊಂಡು ಅರ್ಧ ನಿಮಿಷ ಕುಳಿತಿರಿ. ಎದ್ದು ಅಷ್ಟೇ ಹೊತ್ತು ಸುಧಾರಿಸಿಕೊಂಡು ಮತ್ತೆ ಕುಳಿತುಕೊಳ್ಳಿ. ವಾರ ಕಳೆದಂತೆ ಅರ್ಧ ನಿಮಿಷ ಒಂದು ನಿಮಿಷವಾಗಲಿ. ಅದು ಹಿಡಿತಕ್ಕೆ ಬಂದ ಮೇಲೆ ಅದೇ ಎತ್ತರದಲ್ಲಿ ಒಂದು ಕಾಲನ್ನು ಪಕ್ಕಕ್ಕೆ ಚಾಚಿ, ತೂಕವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಪೂರ್ತಿಯಾಗಿ ದಾಟಿಸುವುದನ್ನು, ಆಮೇಲೆ ಪಕ್ಕಕ್ಕೆ ನೆಗೆದು ಒಂದೇ ಕಾಲಿನ ಮೇಲೆ ಅಲುಗಾಡದೆ ನಿಲ್ಲುವುದನ್ನು ಸೇರಿಸಿಕೊಳ್ಳಿ. ತೂಕ ಪೂರ್ತಿಯಾಗಿ ದಾಟಿದೆಯೇ ಎಂಬುದನ್ನು ಗೆಳೆಯನೊಬ್ಬ ಎದುರು ನಿಂತು ನೋಡಿದರೆ ಒಳ್ಳೆಯದು. ಮೂಗು, ಮಂಡಿ ಮತ್ತು ಕಾಲ್ಬೆರಳು ಒಂದೇ ಗೆರೆಯಲ್ಲಿ ಕಾಣಬೇಕು. ಹೆಚ್ಚಿನವರಲ್ಲಿ ಕಾಣುವುದಿಲ್ಲ, ಮತ್ತು ಟ್ರ್ಯಾಕಿನ ಮೇಲೆ ಎಷ್ಟೇ ಸುತ್ತು ಹಾಕಿದರೂ ಆ ಕೊರತೆ ತಾನಾಗಿ ಹೋಗುವುದಿಲ್ಲ. ಮಳೆಗಾಲ ಅದನ್ನು ಸರಿಪಡಿಸಲೆಂದೇ ಸಿಕ್ಕ ಕಾಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ.

ಕೈಯಲ್ಲಿ ಒಂದಿಷ್ಟು ಹಣವಿದ್ದರೆ ಬಡಗಿಯಿಂದ ಸ್ಲೈಡ್ ಬೋರ್ಡ್ ಮಾಡಿಸಿಕೊಳ್ಳಿ. ಎರಡು ಮೀಟರಿನಷ್ಟು ಉದ್ದದ, ಮಟ್ಟಸವಾದ ಪ್ಲೈವುಡ್ ಮೇಲೆ ನುಣುಪಾದ ಸನ್‌ಮೈಕಾ ಅಂಟಿಸಿ, ಎರಡೂ ತುದಿಗೆ ಗಟ್ಟಿ ಮರದ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದರೆ ಅಷ್ಟೇ. ಶೂ ಮೇಲೆ ಹಳೆಯ ಉಣ್ಣೆ ಕಾಲುಚೀಲ ಎಳೆದುಕೊಂಡು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಜಾರುತ್ತ ಹೋದರೆ, ಪಕ್ಕಕ್ಕೆ ತಳ್ಳಿ ಜಾರುವ ಲಯ ಮೈಗೆ ಮರೆತುಹೋಗುವುದಿಲ್ಲ. ತಿರುವಿನ ಅಭ್ಯಾಸಕ್ಕೆ ಸೊಂಟಕ್ಕೆ ಅಗಲವಾದ ಬೆಲ್ಟ್ ಸುತ್ತಿ, ಜೊತೆಗಾರ ಅದನ್ನು ಪಕ್ಕದಿಂದ ಎಳೆದು ಹಿಡಿದಿರುವಾಗ ಒಳಗಡೆಗೆ ವಾಲಿ ಕ್ರಾಸ್‌ಓವರ್, ಅಂದರೆ ಹೊರಗಾಲನ್ನು ಒಳಗಾಲಿನ ಮುಂದೆ ಅಡ್ಡ ದಾಟಿಸುವ ಹೆಜ್ಜೆ ಹಾಕಬಹುದು. ಇಲ್ಲೊಂದು ಮಾತನ್ನು ಸೇರಿಸಬೇಕು. ಟ್ರ್ಯಾಕಿನಲ್ಲಿ ನಾವು ಯಾವಾಗಲೂ ಎಡಕ್ಕೇ ತಿರುಗುತ್ತೇವೆ. ವರ್ಷವಿಡೀ ಹಾಗೆ ತಿರುಗಿದ ದೇಹದಲ್ಲಿ ಎರಡು ಪಕ್ಕಗಳು ಬೇರೆ ಬೇರೆಯಾಗಿ ಬಲಿಯುತ್ತವೆ. ಬಿಡುವಿನ ತಿಂಗಳುಗಳಲ್ಲಿ ಬಲಕ್ಕೂ ಅಷ್ಟೇ ಹೆಜ್ಜೆಗಳನ್ನು ಹಾಕಿ, ಸೊಂಟಕ್ಕೂ ಬೆನ್ನಿಗೂ ಅದು ಬೇಕು.

ಮಳೆ ಹೊಳವಾದ ದಿನ ಸೈಕಲ್ ತೆಗೆಯಿರಿ. ಕೈಮರದ ಕಡೆಗೆ ಏರುವ ರಸ್ತೆಯಂಥ ಏರು ನಮ್ಮ ಊರಿನ ಬಾಗಿಲಲ್ಲೇ ಇರುವುದು ದೊಡ್ಡ ಊರುಗಳ ಹುಡುಗರಿಗೆ ಸಿಗದ ಸೌಲಭ್ಯ. ಸೈಕಲ್ಲಿಗೂ ಸ್ಕೇಟಿಂಗಿಗೂ ಇರುವ ನಂಟು ಹಳೆಯದು. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಐಸ್ ಸ್ಪೀಡ್ ಸ್ಕೇಟಿಂಗಿನ ಐದೂ ದೂರಗಳಲ್ಲಿ ಚಿನ್ನ ಗೆದ್ದ ಅಮೆರಿಕದ ಎರಿಕ್ ಹೈಡನ್ 1986ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದರು. ಪೂರ್ವ ಜರ್ಮನಿಯ ಕ್ರಿಸ್ಟಾ ಲುಡಿಂಗ್ ರೋಟೆನ್‌ಬರ್ಗರ್ 1988ರ ಒಂದೇ ವರ್ಷದಲ್ಲಿ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 1000 ಮೀಟರ್ ಸ್ಕೇಟಿಂಗ್ ಚಿನ್ನವನ್ನೂ, ಸೋಲ್‌ನ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಸೈಕಲ್ ಸ್ಪ್ರಿಂಟ್ ಬೆಳ್ಳಿಯನ್ನೂ ಪಡೆದರು.

ಇನ್ನೊಂದು ದಾರಿ ನಮ್ಮ ಜಿಲ್ಲೆಯೊಳಗೇ ಇದೆ. ಮೂಡಿಗೆರೆಯಲ್ಲಿ ಜಡಿಮಳೆ ಹಿಡಿದಿರುವಾಗ ಕಡೂರಿನ ನೆಲ ಎಷ್ಟೋ ಸಲ ಒಣಗಿಯೇ ಇರುತ್ತದೆ. ಸಕಲೇಶಪುರದ ಸ್ಕೇಟರ್‌ಗೆ ಅರಸೀಕೆರೆಯೂ ಹಾಗೆಯೇ. ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು 40 ಕಿಲೋಮೀಟರ್. ಭಾನುವಾರದ ಬೆಳಗ್ಗೆ ನಾಲ್ಕಾರು ಗೆಳೆಯರು ಬಸ್ಸು ಹತ್ತಿ ಬಯಲುಸೀಮೆಯ ಕಡೆಗೆ ಹೋಗಿ, ಅನುಮತಿ ಪಡೆದು ಯಾವುದಾದರೂ ಶಾಲೆಯ ಕಾಂಕ್ರೀಟ್ ಅಂಗಳದಲ್ಲಿ ಎರಡು ಗಂಟೆ ಅಭ್ಯಾಸ ಮಾಡಿ ಬಂದರೆ, ವಾರವಿಡೀ ಪಡಸಾಲೆಯಲ್ಲಿ ಮಾಡಿದ್ದು ಚಕ್ರದ ಮೇಲೆ ಎಷ್ಟು ಬಂದಿದೆ ಎಂದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ತೋಟದ ಮನೆಯ ಮುಂದೆ ಕಾಫಿ ಒಣಗಿಸುವ ಸಿಮೆಂಟ್ ಕಣವಿದೆ. ಮಕ್ಕಳಿಬ್ಬರೂ ಅಲ್ಲಿ ಸ್ಕೇಟಿಂಗ್ ಮಾಡಬೇಕೆನ್ನುತ್ತಾರೆ. ಮಾವನವರು ಕಣದ ಮೇಲೆ ಚಕ್ರ ಓಡಿಸಕೂಡದು ಎನ್ನುತ್ತಾರೆ. ಏನು ಮಾಡಲಿ?
(ಗೃಹಿಣಿ, ಸಕಲೇಶಪುರ ತಾಲ್ಲೂಕು)

ಉತ್ತರ: ಮೊದಲು ಮಾವನವರ ಮಾತಿನಲ್ಲಿರುವ ನ್ಯಾಯವನ್ನು ಮಕ್ಕಳಿಗೆ ತಿಳಿಸಿ ಹೇಳಿ. ಕಣವೆಂದರೆ ವರ್ಷದ ಬೆಳೆ ಬಂದು ಬೀಳುವ ಜಾಗ. ರಸ್ತೆಯ ಕೊಳೆ ಮತ್ತು ಬೇರಿಂಗಿನ ಎಣ್ಣೆ ಅಂಟಿದ ಚಕ್ರಗಳನ್ನು ಅದರ ಮೇಲೆ ಓಡಿಸುವುದನ್ನು ಯಾವ ಬೆಳೆಗಾರನೂ ಸಹಿಸಲಾರ. ಚಕ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಕಣಕ್ಕಿಳಿಯುವುದು, ಕಣಕ್ಕೆಂದೇ ಬೇರೆ ಚಕ್ರಗಳನ್ನು ಇಟ್ಟುಕೊಳ್ಳುವುದು, ಆಟ ಮುಗಿದ ಮೇಲೆ ಕಣವನ್ನು ತಾವೇ ಗುಡಿಸುವುದು ಎಂದು ಮಕ್ಕಳು ಒಪ್ಪಿಕೊಂಡರೆ ಮಾವನವರೂ ಮೃದುವಾಗಬಹುದು.

ಕಣದ ಅನುಕೂಲ ದೊಡ್ಡದು. ವಾಹನಗಳಿಲ್ಲ, ನಾಯಿಗಳ ಕಾಟವಿಲ್ಲ, ಸಿಮೆಂಟಿನ ಗಾರೆ ನಯವಾಗಿರುತ್ತದೆ. ಆದರೆ ಕಣದ ಪಂಚಾಂಗವೇ ಬೇರೆ. ನವೆಂಬರಿನಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ, ಅದು ಮುಗಿಯುತ್ತಿದ್ದಂತೆ ಕಾಳುಮೆಣಸು ಎಂದು ಬಿಸಿಲಿರುವ ತಿಂಗಳುಗಳಲ್ಲಿ ಕಣ ತುಂಬಿರುತ್ತದೆ. ಅದು ಬರಿದಾಗಿ ಬಿದ್ದಿರುವಾಗ ಮಳೆ ಸುರಿಯುತ್ತಿರುತ್ತದೆ. ಹೀಗಾಗಿ ನಿಮಗೆ ನಿಜವಾಗಿ ಸಿಗುವುದು ಕಾಳುಮೆಣಸು ಮೂಟೆ ಸೇರಿದಾಗಿನಿಂದ ಮುಂಗಾರು ಹಿಡಿಯುವವರೆಗಿನ ಬೇಸಿಗೆಯ ವಾರಗಳು, ಮತ್ತು ಮಳೆ ಹಿಂಜರಿದ ಮೇಲೆ ಹಣ್ಣು ಕೊಯ್ಲಿಗೆ ಮೊದಲಿನ ಅಕ್ಟೋಬರ್. ಮಳೆಗಾಲದಲ್ಲಿ ಕಣದ ಮೇಲೆ ಕಟ್ಟುವ ಪಾಚಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿಯ ಮೇಲೂ ಪಾಲಿಯುರಿಥೇನ್ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ, ಪಕ್ಕಕ್ಕೆ ತಳ್ಳಿದ ಕಾಲು ಹಾಗೆಯೇ ಹೊರಟುಹೋಗುತ್ತದೆ. ಮಳೆ ಬಿಟ್ಟ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲು ಕಂಡ ನಂತರವೇ ಇಳಿಯಲಿ. ಕಣದ ಅಂಚಿನಲ್ಲಿ ಎತ್ತರಿಸಿದ ಕಟ್ಟೆಯಿದ್ದರೆ ಅಲ್ಲಿ ಹಳೆಯ ಟೈರುಗಳನ್ನೋ, ಸಿಪ್ಪೆ ತುಂಬಿದ ಗೋಣಿಚೀಲಗಳನ್ನೋ ಸಾಲಾಗಿ ಇಡಿಸಿ. ಕಣ ಚಿಕ್ಕದಾಯಿತೆಂಬ ಕೊರಗು ಬೇಡ: ಸ್ಪರ್ಧೆಯ ಟ್ರ್ಯಾಕ್ 200 ಮೀಟರಿನದಾದರೂ ಕ್ರಾಸ್‌ಓವರ್ ಕಲಿಯುವುದು ಸಣ್ಣ ವೃತ್ತದಲ್ಲಿಯೇ.

ಪ್ರಶ್ನೆ: ಬೆಳಗಿನ ಜಾವ ವಾಹನಗಳು ಕಡಿಮೆ ಇರುವಾಗ ಹಾಸನದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಅಭ್ಯಾಸ ಮಾಡಬಹುದೆ?
(ಓದುಗರು, ಹಾಸನ)

ಉತ್ತರ: ಖಂಡಿತ ಬೇಡ. ಸ್ಪೀಡ್ ಸ್ಕೇಟ್‌ಗಳಲ್ಲಿ ಹಿಮ್ಮಡಿಯ ಬ್ರೇಕ್ ಇರುವುದಿಲ್ಲ. ಒಂದು ಕಾಲನ್ನು ಅಡ್ಡವಾಗಿ ಎಳೆದು ನಿಲ್ಲಿಸಲು ಬಹಳ ದೂರ ಬೇಕಾಗುತ್ತದೆ. ರಾತ್ರಿಯಿಡೀ ಚಾಲನೆ ಮಾಡಿ ಬಂದ ಲಾರಿಯ ಚಾಲಕನಿಗೆ ನಸುಗತ್ತಲಲ್ಲಿ ಬಗ್ಗಿ ಬರುತ್ತಿರುವ ಸ್ಕೇಟರ್ ಕಾಣುವುದೇ ಇಲ್ಲ. ರಸ್ತೆ ಒದ್ದೆಯಾಗಿದ್ದರೆ ಬಿಳಿ ಬಣ್ಣದ ಪಟ್ಟಿಗಳ ಮೇಲೆ ಚಕ್ರ ಜಾರುತ್ತದೆ. ಅನುಮತಿ ಪಡೆದ ಶಾಲಾ ಅಂಗಳ, ಮನೆಗಳು ಇನ್ನೂ ಎದ್ದಿರದ ಹೊಸ ಬಡಾವಣೆಯ ಒಳರಸ್ತೆ, ಇವಿಷ್ಟೇ ನನ್ನ ಶಿಫಾರಸು. ಅಲ್ಲಿಯೂ ಹೆಲ್ಮೆಟ್ ಇಲ್ಲದೆ ಕಾಲಿಗೆ ಸ್ಕೇಟ್ ಕಟ್ಟಕೂಡದು.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಎರಡು ಜೊತೆ ಚಕ್ರಗಳ ಕ್ವಾಡ್ ಸ್ಕೇಟಿನಿಂದ ಇನ್‌ಲೈನ್‌ಗೆ ಹೋಗಬೇಕೆಂದು ತರಬೇತುದಾರರು ಹೇಳಿದ್ದಾರೆ. ಬೆಳೆಯುವ ಕಾಲವಾದ್ದರಿಂದ ಎರಡು ಸೈಜ್ ದೊಡ್ಡ ಬೂಟು ಕೊಳ್ಳಬಹುದೆ? 110 ಮಿಲಿಮೀಟರ್ ಚಕ್ರವನ್ನೇ ಕೊಡಿಸಿ ಎಂದು ಅವಳ ಹಟ.
(ತಾಯಿ, ಹಾಸನ)

ಉತ್ತರ: ಅಮ್ಮಾ, ಶಾಲೆಯ ಶೂ ಕೊಳ್ಳುವಾಗ ನಾವೆಲ್ಲ ಮಾಡುವ ಲೆಕ್ಕವನ್ನು ಸ್ಕೇಟಿಂಗ್ ಬೂಟಿಗೆ ಅನ್ವಯಿಸಬೇಡಿ. ಬೂಟಿನೊಳಗೆ ಹಿಮ್ಮಡಿ ಅಲುಗಾಡಿದರೆ ಮಗು ತಳ್ಳಿದ ಬಲ ಚಕ್ರಕ್ಕೆ ತಲುಪುವ ಮೊದಲೇ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ಪಾದದ ಕೀಲು ಒಳಕ್ಕೆ ಕುಸಿಯುವ ಅಭ್ಯಾಸ ಆಗುತ್ತದೆ, ಅದನ್ನು ಬಿಡಿಸಲು ವರ್ಷಗಳು ಹಿಡಿಯುತ್ತವೆ. ಬೆರಳುಗಳು ಮುದುಡದೆ ಬೂಟಿನ ತುದಿಯನ್ನು ತಾಗುವಂತೆ, ಹಿಮ್ಮಡಿ ಗಟ್ಟಿಯಾಗಿ ಕೂರುವಂತೆ ಇರಲಿ. ವರ್ಷಕ್ಕೊಮ್ಮೆ ಹೊಸ ಬೂಟಿನ ವೆಚ್ಚ ಭಾರವೆನಿಸಿದರೆ, ಮೇಲಿನ ವಯೋಮಾನಕ್ಕೆ ಹೋದ ಮಕ್ಕಳ ಬೂಟನ್ನು ಕೊಂಡುಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ. ತರಬೇತಿ ಕೇಂದ್ರಗಳಲ್ಲಿ ಇಂಥ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ. ಮಳೆಗಾಲವೇ ಅದಕ್ಕೆ ಒಳ್ಳೆಯ ಸಮಯ.

ಚಕ್ರದ ವಿಷಯ. 90 ಮಿಲಿಮೀಟರ್ ಚಕ್ರ ಒಂದು ಸುತ್ತಿಗೆ ಸುಮಾರು 28 ಸೆಂಟಿಮೀಟರ್ ಸಾಗಿದರೆ, 110 ಮಿಲಿಮೀಟರಿನದು 34ಕ್ಕಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ತರಿತರಿ ನೆಲದ ಮೇಲೆ ದೊಡ್ಡ ಚಕ್ರ ಸಲೀಸು. ಆದರೆ ಚಕ್ರ ದೊಡ್ಡದಾದಷ್ಟೂ ಪಾದ ನೆಲದಿಂದ ಮೇಲೇರುತ್ತದೆ, ತೂಕ ಹೆಚ್ಚುತ್ತದೆ, ಅದನ್ನು ವೇಗಕ್ಕೆ ತರಲು ಬಲ ಬೇಕಾಗುತ್ತದೆ. ಒಂಬತ್ತರ ಮಗುವಿನ ಕಾಲಿನಲ್ಲಿ ಆ ಬಲ ಇರುವುದಿಲ್ಲ. ಒಂದೇ ಕಾಲಿನ ಮೇಲೆ ನೇರ ಗೆರೆಯಲ್ಲಿ ಉದ್ದಕ್ಕೆ ಉರುಳಿಹೋಗಲು ಬಂದ ದಿನ ದೊಡ್ಡ ಚಕ್ರದ ಮಾತು ಎತ್ತೋಣ ಎಂದು ಅವಳಿಗೆ ಪ್ರೀತಿಯಿಂದ ಹೇಳಿ. ಅವಳ ಹಟವನ್ನು ಗದರಿಸಿ ಅಡಗಿಸಬೇಡಿ, ಆಟದ ಮೇಲಿನ ಆಸೆಯೂ ಅದರಲ್ಲೇ ಇದೆ.

ಪ್ರಶ್ನೆ: ಮಳೆಯಲ್ಲಿ ನೆನೆದ ಬೇರಿಂಗುಗಳು ತುಕ್ಕು ಹಿಡಿದಿವೆ, ಬೂಟಿಗೆ ಬೂಷ್ಟು ಬಂದಿದೆ. ಬೂಟನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಹುದೆ?
(ಯುವಕ, ಕೊಪ್ಪ)

ಉತ್ತರ: ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಸ್ಪೀಡ್ ಸ್ಕೇಟಿಂಗ್ ಬೂಟುಗಳಲ್ಲಿ ಅನೇಕವು ಬಿಸಿ ಮಾಡಿದಾಗ ಮೆತ್ತಗಾಗಿ ಪಾದದ ಆಕಾರಕ್ಕೆ ಕೂರುವಂತೆ ತಯಾರಾದವು. ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗಿಸುವ ಆ ಅಟ್ಟದ ಕಾವಿಗೆ ಬೂಟಿನ ಆಕಾರ ಕೆಡಬಹುದು, ಅಂಟು ಬಿಡಬಹುದು. ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ದಿನಕ್ಕೆರಡು ಸಲ ಬದಲಿಸಿ, ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ಬೂಷ್ಟನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಪದ್ಧತಿಯನ್ನು ಬಿಡಿ, ಬೂಷ್ಟು ಹುಟ್ಟುವುದೇ ಅಲ್ಲಿ.

ಬೇರಿಂಗುಗಳನ್ನು ಚಕ್ರದಿಂದ ಹೊರತೆಗೆದು, ಪಕ್ಕದ ಮುಚ್ಚಳ ತೆಗೆಯಲು ಬರುವಂಥದ್ದಾದರೆ ಅದನ್ನೂ ತೆಗೆದು, ಸೀಮೆಎಣ್ಣೆಯಲ್ಲಿ ಅಲುಗಿಸಿ ತೊಳೆಯಿರಿ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಈ ಕೆಲಸ ಮಾಡಬೇಕು. ಪೂರ್ತಿ ಒಣಗಿದ ಮೇಲೆ ಒಂದೆರಡು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಗರಗರ ಎಂದರೆ ಅದು ಮುಗಿದಂತೆ, ಅಭ್ಯಾಸಕ್ಕೂ ಬಳಸಬೇಡಿ. ಸ್ಕೇಟಿನ ಬೇರಿಂಗು ಸಾಮಾನ್ಯವಾಗಿ 608 ಎಂಬ ಅಳತೆಯದು, ಒಳವ್ಯಾಸ 8 ಮಿಲಿಮೀಟರ್, ಹೊರವ್ಯಾಸ 22. ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿಯೂ ದೊರೆಯುವ ಅಳತೆ. ದುಬಾರಿ ಬೇರಿಂಗಿನಿಂದ ವೇಗ ಬರುತ್ತದೆ ಎಂಬ ನಂಬಿಕೆ ನಮ್ಮ ಮಕ್ಕಳಲ್ಲಿ ಬಲವಾಗಿದೆ. ಸ್ವಚ್ಛವಾದ ಸಾಧಾರಣ ಬೇರಿಂಗು ಕೊಳೆಯಾದ ದುಬಾರಿ ಬೇರಿಂಗಿಗಿಂತ ಯಾವಾಗಲೂ ಮೇಲು.

ಪ್ರಶ್ನೆ: ಹೊರದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಸ್ಪೀಡ್ ಸ್ಕೇಟಿಂಗಿಗೂ ನಮ್ಮ ಚಕ್ರದ ಸ್ಕೇಟಿಂಗಿಗೂ ಸಂಬಂಧವಿದೆಯೆ? ಭಾರತದವರು ಇದರಲ್ಲಿ ಎಲ್ಲಿಯವರೆಗೆ ಹೋಗಿದ್ದಾರೆ?
(ಪ್ರೌಢಶಾಲಾ ವಿದ್ಯಾರ್ಥಿನಿ, ಬೇಲೂರು)

ಉತ್ತರ: ಬಹಳ ಹತ್ತಿರದ ಸಂಬಂಧವಿದೆ. ಅಲ್ಲಿ 400 ಮೀಟರಿನ ಮಂಜಿನ ಅಂಡಾಕಾರದ ಟ್ರ್ಯಾಕ್, ಕಾಲಿಗೆ ಉದ್ದನೆಯ ಉಕ್ಕಿನ ಅಲಗು, ಇಲ್ಲಿ ಚಕ್ರ. ಕುಳಿತ ಭಂಗಿ, ಪಕ್ಕಕ್ಕೆ ತಳ್ಳುವುದು, ತಿರುವಿನ ಕ್ರಾಸ್‌ಓವರ್ ಎರಡಕ್ಕೂ ಸಮಾನ. ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಇನ್‌ಲೈನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದುಕೊಂಡೇ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಸ್ಪರ್ಧೆಯ ಚಿನ್ನ ಗೆದ್ದರು. ಅದೇ ಕೂಟದಲ್ಲಿ 500 ಮೀಟರ್ ಚಿನ್ನ ಗೆದ್ದ ಅಮೆರಿಕದ ಎರಿನ್ ಜಾಕ್ಸನ್ ಕೂಡ ಮೊದಲು ಚಕ್ರದ ಮೇಲೆ ಬೆಳೆದವರು. ಮಂಜಿನ ನಾಡುಗಳ ಸ್ಕೇಟರ್‌ಗಳಿಗೆ ಬೇಸಿಗೆಯೇ ಬಿಡುವಿನ ಕಾಲ. ಆಗ ಅವರಲ್ಲಿ ಅನೇಕರು ಅಲಗು ತೆಗೆದಿಟ್ಟು ಚಕ್ರದ ಸ್ಕೇಟನ್ನೂ ಸೈಕಲ್ಲನ್ನೂ ಹಿಡಿಯುತ್ತಾರೆ. ನಮಗೆ ಹಂಗಾಮು ಎನಿಸಿದ ಆಟ ಅವರಿಗೆ ಬಿಡುವಿನ ದಿನಗಳ ಅಭ್ಯಾಸ ಎಂಬುದು ನನಗೆ ಸದಾ ಆಸಕ್ತಿ ಹುಟ್ಟಿಸುವ ಸಂಗತಿ.

ಭಾರತದ ಬಗ್ಗೆ ಹೆಮ್ಮೆಯಿಂದ ಹೇಳಬಹುದಾದ ದಿನಗಳು ಬಂದಿವೆ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ನಮ್ಮ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಕಂಚು ಗೆದ್ದವು. ಆ ಪುರುಷರ ತಂಡದಲ್ಲಿದ್ದ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರ ಆಗಸ್ಟ್‌ನಲ್ಲಿ ಚೆಂಗ್ಡುವಿನ ವರ್ಲ್ಡ್ ಗೇಮ್ಸ್‌ನಲ್ಲಿ (ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳ ಕೂಟ) 1000 ಮೀಟರ್ ಸ್ಪ್ರಿಂಟ್ ಕಂಚನ್ನು, ಮರುತಿಂಗಳೇ ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1000 ಮೀಟರ್ ಮತ್ತು 42 ಕಿಲೋಮೀಟರ್ ಮ್ಯಾರಥಾನ್ ಎರಡರಲ್ಲಿಯೂ ಚಿನ್ನವನ್ನು ಪಡೆದರು. ಒಂದೂವರೆ ನಿಮಿಷದೊಳಗೆ ಮುಗಿಯುವ ಓಟ ಮತ್ತು ಒಂದು ಗಂಟೆಯ ಆಸುಪಾಸು ನಡೆಯುವ ಓಟ, ಎರಡನ್ನೂ ಒಬ್ಬನೇ ಗೆಲ್ಲುವುದು ಎಂಥ ಸಾಧನೆ ಎಂಬುದನ್ನು ಸ್ಕೇಟ್ ಕಟ್ಟಿದವರೆಲ್ಲ ಬಲ್ಲರು. ನಿಮ್ಮ ಶಾಲೆಯ ಸೂಚನಾ ಫಲಕದಲ್ಲಿ ಈ ಹೆಸರನ್ನು ಬರೆದು ಹಾಕಿ.

ಪ್ರಶ್ನೆ: ನನಗೆ ನಲವತ್ತು ದಾಟಿದೆ. ಸಣ್ಣ ಕಾಫಿ ಬೆಳೆಗಾರ. ಮಕ್ಕಳನ್ನು ತರಗತಿಗೆ ಬಿಡಲು ಹೋಗುತ್ತ ನಾನೂ ಸ್ಕೇಟಿಂಗ್ ಕಲಿತೆ. ಸ್ಪರ್ಧೆಗೆ ಹೋಗುವವನಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಟ್ಟಾಗ, ಯಾವುದಕ್ಕಾಗಿ ಇದೆಲ್ಲ ಎಂಬ ಯೋಚನೆ ಕಾಡುತ್ತದೆ. ಊರಿನವರೂ ಈ ವಯಸ್ಸಿನಲ್ಲಿ ಇದು ಬೇಕಿತ್ತೆ ಎನ್ನುತ್ತಾರೆ.
(ಬೆಳೆಗಾರ, ಮೂಡಿಗೆರೆ)

ಉತ್ತರ: ಸ್ವಾಮಿ, ನಿಮ್ಮ ಪತ್ರವನ್ನು ನಾನು ಹಲವು ಸಲ ಓದಿದೆ. ಊರಿನವರ ಮಾತಿಗೆ ಉತ್ತರ ಕೊಡುವ ಹೊಣೆ ನಿಮಗಿಲ್ಲ. ಆದರೆ ಯಾವುದಕ್ಕಾಗಿ ಎಂಬ ನಿಮ್ಮದೇ ಪ್ರಶ್ನೆಗೆ ನೆದರ್‌ಲ್ಯಾಂಡ್ಸ್‌ನ ಒಂದು ಸಂಗತಿಯನ್ನು ಮುಂದಿಡುತ್ತೇನೆ.

ಅಲ್ಲಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹನ್ನೊಂದು ಪಟ್ಟಣಗಳನ್ನು ಜೋಡಿಸುವ ಕಾಲುವೆ, ಕೆರೆಗಳ ಮೇಲೆ ಸುಮಾರು 200 ಕಿಲೋಮೀಟರ್ ದೂರದ ಸ್ಕೇಟಿಂಗ್ ಓಟವೊಂದಿದೆ. ಎಲ್ಫ್‌ಸ್ಟೆಡೆನ್‌ಟೋಖ್ಟ್ ಎಂದು ಅದರ ಹೆಸರು. ದಾರಿಯುದ್ದಕ್ಕೂ ಮಂಜು ಸುಮಾರು 15 ಸೆಂಟಿಮೀಟರ್ ದಪ್ಪ ಕಟ್ಟಿದರೆ ಮಾತ್ರ ಓಟ ನಡೆಯುತ್ತದೆ. 1909ರಿಂದ ಈವರೆಗೆ ಅದು ನಡೆದಿರುವುದು ಹದಿನೈದೇ ಸಲ. ಕೊನೆಯದು 1997ರ ಜನವರಿ 4ರಂದು. ಅಲ್ಲಿಂದೀಚೆಗೆ ಅಷ್ಟು ಚಳಿ ಬಿದ್ದೇ ಇಲ್ಲ. ಆದರೂ ಅಲ್ಲಿನ ಸಾವಿರಾರು ಹವ್ಯಾಸಿಗಳು ಪ್ರತಿ ವರ್ಷ ಬೇಸಿಗೆಯಲ್ಲಿ ಸೈಕಲ್ ತುಳಿದು, ಚಕ್ರದ ಮೇಲೆ ಅಭ್ಯಾಸ ಮಾಡಿ, ಚಳಿಗಾಲ ಬಂದಾಗ ಆಕಾಶ ನೋಡುತ್ತಾರೆ. ಕಾಫಿ ಅರಳಿಸುವ ಹೂಮಳೆಗಾಗಿ ಮಾರ್ಚಿನಲ್ಲಿ ಆಕಾಶ ನೋಡುವ ನಿಮಗೆ ಆ ನೋಟದ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಂದು ಮಾತು: 1997ರಲ್ಲಿ ಆ ಓಟ ಗೆದ್ದ ಹೆಂಕ್ ಆಂಗೆನೆಂಟ್ ವೃತ್ತಿಯಿಂದ ಕೃಷಿಕರು, ಎಲೆಕೋಸಿನ ಜಾತಿಯ ಪುಟ್ಟ ಬ್ರಸೆಲ್ಸ್ ಸ್ಪ್ರೌಟ್ಸ್ ಬೆಳೆಯುತ್ತಿದ್ದವರು. ಆರು ಗಂಟೆ ನಲವತ್ತೊಂಬತ್ತು ನಿಮಿಷ ಮಂಜಿನ ಮೇಲೆ ಸಾಗಿ ಮೊದಲಿಗರಾದರು.

ಸ್ಪರ್ಧೆ ಇಲ್ಲದ ಸ್ಕೇಟರ್‌ಗೂ ಹಂಗಾಮು ಇರಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷದಲ್ಲಿ ಒಂದು ಗುರಿಯನ್ನು ನೀವೇ ಇಟ್ಟುಕೊಳ್ಳಿ: ಒಣ ನೆಲದಲ್ಲಿ ನಿಲ್ಲದೆ ಹತ್ತು ಕಿಲೋಮೀಟರ್, ಮುಂದಿನ ವರ್ಷ ಇಪ್ಪತ್ತು, ಆಮೇಲೆ ಮನಸ್ಸಾದರೆ ಮ್ಯಾರಥಾನಿನ 42.195. ಮಳೆಗಾಲದಲ್ಲಿ ತೋಟದ ಕೆಲಸವೇ ನಿಮಗೆ ಅರ್ಧ ತರಬೇತಿ, ಇಳಿಜಾರಿನಲ್ಲಿ ಹತ್ತಿ ಇಳಿಯುವವರ ತೊಡೆ ಪೇಟೆಯವರದಕ್ಕಿಂತ ಗಟ್ಟಿಯಾಗಿರುತ್ತದೆ. ಅದಕ್ಕೆ ಕುಳಿತ ಭಂಗಿಯ ಹತ್ತು ನಿಮಿಷಗಳನ್ನು ಮಾತ್ರ ಸೇರಿಸಿ. ನಲವತ್ತರ ನಂತರ ಬಿದ್ದ ಪೆಟ್ಟು ಬೇಗ ಮಾಗುವುದಿಲ್ಲವಾದ್ದರಿಂದ ಮಣಿಕಟ್ಟು, ಮಂಡಿ, ಮೊಣಕೈ ಮೂರಕ್ಕೂ ರಕ್ಷೆ ಕಟ್ಟಿಯೇ ಇಳಿಯಿರಿ. ಮೊದಲೇ ಮಂಡಿ ನೋವಿದ್ದರೆ ಆಳವಾಗಿ ಕೂರುವ ಮುನ್ನ ವೈದ್ಯರಿಗೆ ತೋರಿಸಿ. ಮಕ್ಕಳ ಜೊತೆಯಲ್ಲಿ ಅಪ್ಪನೂ ಚಕ್ರದ ಮೇಲಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಮಳೆ ನಿಂತ ಮೇಲೆ ಮಕ್ಕಳನ್ನು ಮತ್ತೆ ಟ್ರ್ಯಾಕಿಗೆ ಇಳಿಸುವಾಗ ಯಾವುದಕ್ಕೆ ಗಮನ ಕೊಡಬೇಕು?
(ದೈಹಿಕ ಶಿಕ್ಷಕರು, ಚನ್ನರಾಯಪಟ್ಟಣ)

ಉತ್ತರ: ಮೊದಲ ವಾರ ಗಡಿಯಾರವನ್ನು ಹೊರತೆಗೆಯಬೇಡಿ ಎಂದು ನನ್ನ ವಿನಂತಿ. ಒಣ ಅಭ್ಯಾಸದಿಂದ ಮಕ್ಕಳ ತೊಡೆಗಳು ಬಲಿತಿರುತ್ತವೆ, ಆದರೆ ಪಾದದ ಕೀಲು ಮತ್ತು ತೊಡೆಯ ಸಂದು ಚಕ್ರದ ಅಲುಗಾಟಕ್ಕೆ ಮತ್ತೆ ಒಗ್ಗಿಕೊಳ್ಳಲು ಸಮಯ ಕೇಳುತ್ತವೆ; ಬಲವಿದೆಯೆಂದು ಮೊದಲ ದಿನವೇ ಸ್ಪ್ರಿಂಟ್ ಹೊಡೆದವರು ಸಂದು ಹಿಡಿಸಿಕೊಂಡು ಕೂರುತ್ತಾರೆ. ಒಂದೇ ಕಾಲಿನ ಮೇಲೆ ಉರುಳುವುದು, ನಿಧಾನವಾದ ಉದ್ದ ಸುತ್ತುಗಳು, ಬೀಳುವುದನ್ನೂ ನಿಲ್ಲುವುದನ್ನೂ ಮತ್ತೆ ಕಲಿಸುವುದು, ಇಷ್ಟೇ ಇರಲಿ. ಎರಡನೆಯ ವಾರ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗುವುದನ್ನು ಸೇರಿಸಿ.

ಮಕ್ಕಳನ್ನು ಇಳಿಸುವ ಮುನ್ನ ನೀವೇ ಅಂಗಳವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬನ್ನಿ. ಮಳೆನೀರು ಹೊತ್ತು ತಂದ ಜಲ್ಲಿ, ಮರಳು, ಬಿರುಕಿನಲ್ಲಿ ಎದ್ದ ಹುಲ್ಲು ಎಲ್ಲವನ್ನೂ ತೆಗೆಸಬೇಕು. ಒಂದು ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕಿದರೂ ಮಗು ಮುಂದಕ್ಕೆ ಬೀಳುತ್ತದೆ. ಚಕ್ರಗಳ ಒಳ ಅಂಚು ಸವೆದಿದ್ದರೆ ತಿರುಗಿಸಿ ಹಾಕಿಸಿ, ಚಕ್ರಗಳನ್ನು ಬೂಟಿಗೆ ಹಿಡಿದಿಡುವ ಫ್ರೇಮಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ನೋಡಿ, ಹೆಲ್ಮೆಟ್ಟಿನ ಪಟ್ಟಿ ಈ ನಾಲ್ಕು ತಿಂಗಳಲ್ಲಿ ಬೆಳೆದ ತಲೆಗೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಿ. ನಮ್ಮ ಕಡೆ ಹಸ್ತ, ಚಿತ್ತ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿನೊಡನೆ ಬರುವುದು ಹೆಚ್ಚು. ಆದ್ದರಿಂದ ಅಕ್ಟೋಬರ್ ಮುಗಿಯುವವರೆಗೆ ತರಗತಿಯನ್ನು ಸಂಜೆಗೆ ಇಡದೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಇಟ್ಟುಕೊಳ್ಳಿ.